ಎಪ್ಪತ್ತೆರಡು ಪಾಯಿಂಟಿನ ಹಳದಿ

ಚಂದ್ರಾ ಲೇಔಟಿನ ಮೋಹನ್ ಕುಮಾರ್ ಅವರ ಮನೆಯಲ್ಲಿ ನಾಲ್ಕು ವರ್ಷ ಅಡುಗೆ ಮಾಡಿಕೊಂಡಿದ್ದ ಶಂಕ್ರವ್ವನ ಫೋಟೋವನ್ನು ‘ಸಂಜೆ ಗುಡುಗು’ ಪತ್ರಿಕೆ ಆಷಾಢದ ಕೊನೆಯ ಶುಕ್ರವಾರ ಮುಖಪುಟದಲ್ಲಿ ಹಾಕಿತು. ಫೋಟೋದ ಮೇಲೆ ‘ಹಸುಗೂಸಿನ ಮೇಲೆ ಹಳದಿ ಮಾಟ!’ ಎಂದು ಅಚ್ಚು ಮಾಡಿತು. ಮೋಹನ್ ಕುಮಾರ್ ಅವರ ಮೊಮ್ಮಗಳಿಗೆ ಬಂದದ್ದು ಡೆಂಗ್ಯೂ. ಭಾನುವಾರ ಆಸ್ಪತ್ರೆಯವರು ರಕ್ತಪರೀಕ್ಷೆಯ ವರದಿಯಲ್ಲಿ ಹಾಗೆಂದು ಬರೆದುಕೊಟ್ಟರು. ಬುಧವಾರ ಕೂಸು ಮನೆಗೆ ಬಂತು. ಪತ್ರಿಕೆ ಅದನ್ನು ಅಚ್ಚು ಮಾಡಲಿಲ್ಲ.

ನಡೆದದ್ದು ಇಷ್ಟು. ಆ ವಾರದ ಮಂಗಳವಾರ ಬೆಳಿಗ್ಗೆ ಕೂಸಿನ ಮೈ ಕಾದ ಹಂಚಾಗಿತ್ತು. ಮನೆಯವರು ಡಾಕ್ಟರಿಗೆ ಫೋನು ಮಾಡುತ್ತ ಒಳಗೂ ಹೊರಗೂ ಓಡಾಡುತ್ತಿದ್ದರು. ಶಂಕ್ರವ್ವ ಸೊಂಟದ ಸಂಚಿಯಿಂದ ಒಂದು ಚಿಟಿಕೆ ಭಂಡಾರ ತೆಗೆದು ಕೂಸಿನ ಹಣೆಗೆ ಹಚ್ಚಿದಳು. ಕೆಲಸ ಮುಗಿಸಿ ಹೊರಡುವಾಗ ಇನ್ನೊಂದು ಚಿಟಿಕೆಯನ್ನು ಹೊಸ್ತಿಲಿನ ಮೇಲೆ ಉದುರಿಸಿ, ‘ಉಧೋ ಉಧೋ, ಕಾಯವ್ವಾ’ ಎಂದು ಕೈಮುಗಿದಳು. ಭಂಡಾರವೆಂದರೆ ಅರಿಶಿನದ ಪುಡಿ, ಗುಡ್ಡದ ಎಲ್ಲವ್ವನ ಪಾದ ಮುಟ್ಟಿ ಬಂದದ್ದು. ಅವಳ ಬಾಗಲಕೋಟೆ ಸೀಮೆಯಲ್ಲಿ ಕೂಸು ಕೆಮ್ಮಿದರೂ ಹಣೆಗೆ ಅದೇ, ಎಮ್ಮೆ ಈದರೂ ಅದರ ಹಣೆಗೆ ಅದೇ. ಬಾಗಿಲ ಮೇಲಿನ ಕ್ಯಾಮೆರಾಕ್ಕೆ ಇದಾವುದೂ ತಿಳಿಯದು. ಅದರ ಕಣ್ಣಿಗೆ ಬಿದ್ದದ್ದು, ಕೆಲಸದ ಹೆಂಗಸೊಬ್ಬಳು ಆಚೆ ಈಚೆ ನೋಡಿ, ಹಳದಿ ಪುಡಿ ಎರಚಿ, ಏನೋ ಮಣಮಣ ಅಂದದ್ದು. ಆಚೆ ಈಚೆ ನೋಡಿದ್ದಳು, ನಿಜ. ಹಾಲಿನವನು ಬಂದನೇನೋ ಎಂದು ನೋಡಿದ್ದಳು.

ಮಧ್ಯಾಹ್ನದ ಹೊತ್ತಿಗೆ ಆ ತುಣುಕು ಬಡಾವಣೆಯವರ ವಾಟ್ಸಾಪ್ ಗುಂಪಿನಲ್ಲಿತ್ತು. ಗುರುವಾರ ‘ಸಂಜೆ ಗುಡುಗು’ ಪತ್ರಿಕೆಯ ಗಿರಿರಾಜ್ ಎಂಬ ವರದಿಗಾರನ ಕೈಯಲ್ಲಿತ್ತು. ಶುಕ್ರವಾರ ಸಂಜೆ ಮಾಗಡಿ ರಸ್ತೆಯ ಉದ್ದಕ್ಕೂ ಪೇಪರ್ ಅಂಗಡಿಗಳ ಮುಂದೆ ಶಂಕ್ರವ್ವನ ಮುಖ ತೂಗಾಡುತ್ತಿತ್ತು.

ಆ ಮುಖ ಕ್ಯಾಮೆರಾದ ತುಣುಕಿನದಲ್ಲ. ಅದರಲ್ಲಿ ಕಂಡದ್ದು ನೆತ್ತಿ ಮತ್ತು ಸೆರಗು ಮಾತ್ರ. ಪತ್ರಿಕೆಯಲ್ಲಿ ಬಂದದ್ದು ಬೇರೆಯದೇ ಫೋಟೋ: ಹಣೆ, ಕೆನ್ನೆ, ಗಂಟಲು, ಕೂದಲ ಬುಡದವರೆಗೂ ಭಂಡಾರದಲ್ಲಿ ಮುಳುಗಿದ ಮುಖ, ಬಾಯಿ ತುಂಬ ನಗು. ಪತ್ರಿಕೆಯವರು ಕಣ್ಣಿನ ಸುತ್ತ ಕಪ್ಪು ಏರಿಸಿ, ಬೆನ್ನ ಹಿಂದೆ ಬೆಂಕಿ ಹಚ್ಚಿದ್ದರು. ಆಮೇಲೆ ಆ ನಗು ನಗುವಾಗಿ ಉಳಿಯಲಿಲ್ಲ.

ಆ ಫೋಟೋ ಕಳಿಸಿದವಳು ಶಂಕ್ರವ್ವನ ಮಗಳು ಉಮಾಶ್ರೀ.

ಗಿರಿರಾಜ್ ಗುರುವಾರ ಅವಳಿಗೆ ಫೋನು ಮಾಡಿದ್ದ. “ಮೇಡಂ, ನಿಮ್ಮ ತಾಯಿ ಕಡೆಯ ಮಾತೂ ಬರ್ಬೇಕು ಅಂತ ನಮ್ಮ ಆಸೆ. ಒಳ್ಳೇ ಫೋಟೋ ಒಂದಿದ್ರೆ ಕಳ್ಸಿ. ತುಂಬಾ ಒಳ್ಳೇದು ಕಳ್ಸಿ,” ಅಂದಿದ್ದ. ಇಪ್ಪತ್ತರ ಹುಡುಗಿ ತನ್ನ ಮೊಬೈಲಿನಲ್ಲಿದ್ದ ಅವ್ವನ ಫೋಟೋಗಳನ್ನೆಲ್ಲ ಮೇಲೆ ಕೆಳಗೆ ಸರಿಸಿ ನೋಡಿದಳು. ಆಧಾರ್ ಕಾರ್ಡಿನದರಲ್ಲಿ ಅವ್ವ ಕಳ್ಳಿಯ ಹಾಗೆ ಕಾಣುತ್ತಿದ್ದಳು. ಸೋದರಮಾವ ವಿಠ್ಠಲನ ಮದುವೆಯದರಲ್ಲಿ ಕಣ್ಣು ಮುಚ್ಚಿದ್ದಳು. ಉಮಾಶ್ರೀ ಪಿಯುಸಿ ಪಾಸಾದರೆ ಗುಡ್ಡಕ್ಕೆ ಬರುತ್ತೇನೆಂದು ಅವ್ವ ಹರಕೆ ಹೊತ್ತಿದ್ದಳು. ಪಾಸಾದ ವರ್ಷ ಹೋಗಿದ್ದರು. ಅಪ್ಪ ಗೂಳಪ್ಪ ತೀರಿಕೊಂಡ ಮೇಲೆ ಅರಿಶಿನ ಮುಟ್ಟದ ಅವ್ವನ ಮುಖಕ್ಕೆ ಅಲ್ಲಿ ಹತ್ತಾರು ಹೆಂಗಸರು ಕೈತುಂಬ ಭಂಡಾರ ಮೆತ್ತಿದ್ದರು. ಎಲ್ಲವ್ವನ ಭಂಡಾರಕ್ಕೆ ಮುತ್ತೈದೆ, ಗಂಡ ಸತ್ತವಳು ಎಂಬ ಭೇದವಿಲ್ಲವೆಂದು ಅವರ ಮನೆತನದಲ್ಲಿ ಗಟ್ಟಿ ನಂಬಿಕೆ. ಅವ್ವ ಹಾಗೆ ನಕ್ಕದ್ದನ್ನು ಉಮಾಶ್ರೀ ಅದಕ್ಕೆ ಮುಂಚೆ ನೋಡಿರಲಿಲ್ಲ. ಮನೆಯ ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕಿದ್ದೂ ಅದೇ ಫೋಟೋ. ಅದಕ್ಕಿಂತ ಒಳ್ಳೆಯದು ಅವಳ ಹತ್ತಿರ ಇರಲಿಲ್ಲ. ಅದನ್ನೇ ಕಳಿಸಿದಳು.

“ನಮ್ಮ ಮನೀ ಫೋಟೋ ಅವರ ಕೈಗೆ ಹ್ಯಾಂಗ ಹೋತು?” ಎಂದು ಅವ್ವ ಆ ಶುಕ್ರವಾರ ಕೇಳಿದಾಗ, “ಗೊತ್ತಿಲ್ಲವ್ವಾ, ಫೇಸ್‌ಬುಕ್ಕಿನಾಗಿಂದ ಕದ್ದಿರಬೇಕು,” ಅಂದಳು. ಅವ್ವ ಎದ್ದು ಹೋಗಿ ಗೋಡೆಯ ಮೇಲಿನ ಫೋಟೋವನ್ನು ಹಿಂದುಮುಂದು ಮಾಡಿ ತೂಗುಹಾಕಿದಳು. ಅಂದಿನಿಂದ ಆ ಮನೆಯಲ್ಲಿ ಗೋಡೆಯಿಂದ ನೋಡುತ್ತಿದ್ದದ್ದು ಕಂದು ರಟ್ಟು ಮತ್ತು ತುಕ್ಕು ಹಿಡಿದ ನಾಲ್ಕು ಮೊಳೆ.

ಅವರಿದ್ದದ್ದು ಹೆಗ್ಗನಹಳ್ಳಿಯಲ್ಲಿ, ಮುನಿತಾಯಮ್ಮನ ವಠಾರದ ಕೆಳಗಿನ ಮನೆಯಲ್ಲಿ. ಮುನಿತಾಯಮ್ಮ ಊರು ಊರಾಗಿದ್ದಾಗಿನಿಂದ ಅಲ್ಲಿಯವಳು. ವಠಾರ ನಿಂತಿರುವ ಜಾಗದಲ್ಲಿ ತಾನು ರಾಗಿ ಕಳೆ ತೆಗೆದಿದ್ದೆನೆಂದು ಬಾಡಿಗೆಯವರಿಗೆಲ್ಲ ಹೇಳುತ್ತಿದ್ದಳು. ಶನಿವಾರ ಬೆಳಿಗ್ಗೆ ಅವಳೇ ಪೇಪರ್ ಹಿಡಿದು ಬಂದಳು.

“ಏನವ್ವಾ ಶಂಕ್ರಿ, ನಿನ್ ಮಕವಾ ಇದು?”

“ನಂದ ರೀ ಅಮ್ಮಾ.”

“ನಾನು ನಂಬಕ್ಕಿಲ್ಲ ಕಣವ್ವ. ನಮ್ಮಾರಮ್ಮಂಗೂ ನಾವು ಅರಿಶಿನ ಎರಚದೇಯಾ. ಆದ್ರೆ ಮ್ಯಾಗಳ ಮನೆಯೋರು ಮಕ್ಕಳು ಮರಿ ಅವೆ, ನಾವು ಖಾಲಿ ಮಾಡ್ತೀವಿ ಅಂತ ಕುಂತವ್ರೆ. ನಾನೇನ್ ಮಾಡ್ಲಿ ಹೇಳು?” ಬಾಯಲ್ಲಿದ್ದ ಎಲೆಅಡಿಕೆಯನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ತಳ್ಳಿಕೊಂಡಳು. “ಪೇಪರ್‌ನೋರೇ ತಪ್ಪಾಯ್ತು ಅಂತ ಹಾಕ್ಲಿ. ಅದ ಕತ್ತರಿಸಿ ಗೇಟಿಗೆ ನಾನೇ ಅಂಟಿಸ್ತೀನಿ. ಇಲ್ಲಾಂದ್ರೆ ಗೌರಿ ಹಬ್ಬದೊಳಗೆ ಬೇರೆ ಕಡೆ ನೋಡ್ಕೊಳಿ ಕಣವ್ವ.”

ಮೋಹನ್ ಕುಮಾರ್ ಮನೆಯ ಕೆಲಸ ಮಂಗಳವಾರವೇ ಹೋಗಿತ್ತು. ಉಳಿದ ಮೂರು ಮನೆಗಳೂ ಶನಿವಾರ, ಭಾನುವಾರದಲ್ಲಿ ಹೋದವು. ಒಬ್ಬರು ಊರಿಗೆ ಹೋಗುತ್ತಿದ್ದೇವೆ ಅಂದರು. ಒಬ್ಬರು ಇನ್ನು ಮುಂದೆ ನಾವೇ ಅಡುಗೆ ಮಾಡಿಕೊಳ್ಳುತ್ತೇವೆ ಅಂದರು. ಮೂರನೆಯವರು ಬಾಗಿಲೇ ತೆಗೆಯಲಿಲ್ಲ. ಒಳಗಿನಿಂದ ಕುಕ್ಕರ್ ಕೂಗುತ್ತಿತ್ತು. ಕೂಸು ವಾಸಿಯಾದ ಮೇಲೆ ಮೋಹನ್ ಕುಮಾರ್ ಉಮಾಶ್ರೀಯ ಮೊಬೈಲಿಗೆ ರಕ್ತಪರೀಕ್ಷೆಯ ವರದಿಯ ಫೋಟೋದ ಜೊತೆ ಒಂದು ಸಂದೇಶ ಕಳಿಸಿದರು: ‘ಪಾಪು ಚೆನ್ನಾಗಿದೆ. ಡೆಂಗ್ಯೂ ಅಂತೆ. ಬೇಜಾರ್ ಮಾಡ್ಕೋಬೇಡಿ.’ ಇದನ್ನೇ ನಿಮ್ಮ ಬಡಾವಣೆಯ ಗುಂಪಿನಲ್ಲಿ ಹಾಕುತ್ತೀರಾ ಸಾರ್ ಎಂದು ಅವಳು ಕೇಳಿದಳು. ಎರಡು ನೀಲಿ ಗೀಟು ಬಂದವು. ಉತ್ತರ ಬರಲಿಲ್ಲ. ಇವರ ಮರ್ಯಾದೆ ಎಷ್ಟು ಎಳೆಯದು, ಒಂದು ಸಾಲು ಬರೆದರೆ ಮುರಿಯುತ್ತದೆ! ಅಡುಗೆಯವಳದು ಎಂಥ ಗಟ್ಟಿ, ಅವಳ ಮುಖ ಅಚ್ಚಾದ ಪೇಪರಿನಲ್ಲಿ ಬೋಂಡ ಕಟ್ಟಿಕೊಟ್ಟರೂ ಏನೂ ಆಗಬಾರದು!

ಉಮಾಶ್ರೀ ವಿಜಯನಗರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕನ್ನಡ ಟೈಪ್ ಮಾಡುತ್ತಿದ್ದಳು. ಅಕ್ಷರದ ಅಳತೆ ಅವಳ ಕಣ್ಣಿಗೆ ಕೂತಿತ್ತು. ಆ ಸಂದೇಶ ಬಂದ ಮೇಲಿನ ಸೋಮವಾರ ಅರ್ಧ ದಿನ ರಜೆ ಹಾಕಿ ಪತ್ರಿಕೆಯ ಕಚೇರಿಗೆ ಹೋದಳು. ರಾಜಾಜಿನಗರದ ಕಾರ್ಖಾನೆಗಳ ಸಾಲಿನಲ್ಲಿ, ಒಂದು ಗೋದಾಮಿನ ಮೇಲಿನ ಮಹಡಿ. ಗಿರಿರಾಜ್ ಅವಳನ್ನು ನೋಡಿ ಎದ್ದು ನಿಂತು, ಕುರ್ಚಿ ಎಳೆದುಕೊಟ್ಟು, ಟೀ ತರಿಸಿದ. ಅವಳಿಗೆ ಮೈಯೆಲ್ಲ ಉರಿದದ್ದು ಆ ಟೀಗೆ.

“ಮೇಡಂ, ನಿಮ್ಮ ತಾಯಿ ಮಾಟ ಮಾಡಿದ್ರು ಅಂತ ನಾವೆಲ್ಲಿ ಬರ್ದಿದೀವಿ? ನೋಡಿ, ಇಲ್ಲಿ, ‘ಆರೋಪ’ ಅಂತ ಕ್ಲಿಯರ್ ಆಗಿದೆ.”

ಅವನ ಬೆರಳ ತುದಿ ಮುಟ್ಟಿದ ಕಡೆ ಇರುವೆಯ ಕಾಲಿನಷ್ಟು ಸಣ್ಣದೊಂದು ‘ಆರೋಪ’ ಇತ್ತು.

“ಇದು ಒಂಬತ್ತು ಪಾಯಿಂಟು,” ಅಂದಳು ಉಮಾಶ್ರೀ. “ಮೇಲಿರೋದು ಎಪ್ಪತ್ತೆರಡು.”

“ಏನು?”

“ಅಕ್ಷರದ ಸೈಜು ಸಾರ್. ಕೂಸಿಗೆ ಬಂದಿದ್ದು ಡೆಂಗ್ಯೂ. ರಿಪೋರ್ಟಿನ ಫೋಟೋ ತಂದಿದೀನಿ. ಅದನ್ನ ಹಾಕಿ. ಎಪ್ಪತ್ತೆರಡರಲ್ಲಿ.”

ಗಿರಿರಾಜ್ ನಕ್ಕ. ಕೆಟ್ಟ ನಗುವೇನಲ್ಲ, ಗೆಳೆಯನ ಹಾಗೆ ನಕ್ಕ. “ಮೇಡಂ, ಡೆಂಗ್ಯೂ ನ್ಯೂಸಾ? ಬೆಂಗ್ಳೂರಲ್ಲಿ ಯಾರಿಗ್ ಬಂದಿಲ್ಲ ಹೇಳಿ. ನಂಗೂ ಬಂದಿತ್ತು. ಹಾಕ್ಬಾರ್ದು ಅಂತಿಲ್ಲ, ಏನಾದ್ರೂ ಒಂದು ಆ್ಯಂಗಲ್ ಬೇಕು. ಆ್ಯಂಗಲ್ ಸಿಕ್ಕಿದ್ ದಿನ ನಾನೇ ಫೋನ್ ಮಾಡ್ತೀನಿ. ಟೀ ಕುಡೀರಿ.”

ಅವಳು ಟೀ ಮುಟ್ಟದೆ ಎದ್ದು ಬಂದಳು.

ಅದೇ ವಾರದ ಭಾನುವಾರ ವಿಜಯನಗರದ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಕವನಾಳ ತರಗತಿಯಿತ್ತು. ಕವನಾ ಚಿತ್ರಕಲೆ ಓದಿದವಳು, ಅಲ್ಲೇ ಹತ್ತಿರದ ಹಳೆಯ ಒಕ್ಕಲುಮನೆತನದ ಹುಡುಗಿ. ಭಾನುವಾರಗಳಂದು ಬಂದವರಿಗೆ ಆರ್ಟ್ ಜರ್ನಲ್ ಮಾಡುವುದನ್ನು ಪುಕ್ಕಟೆ ಕಲಿಸುತ್ತಿದ್ದಳು. ಹಳೆಯ ಪುಸ್ತಕವೊಂದರ ಹಾಳೆಗಳನ್ನು ಮೂರು ಮೂರಾಗಿ ಅಂಟಿಸಿ ದಪ್ಪ ಮಾಡಿ, ಅದರ ಮೇಲೆ ಬಣ್ಣ, ಕತ್ತರಿಸಿದ ಚಿತ್ರ, ಕೈಬರಹ, ಬಸ್ ಟಿಕೆಟ್ಟು, ಮನಸ್ಸಿಗೆ ಬಂದದ್ದನ್ನೆಲ್ಲ ಹಚ್ಚಿ ದಿನಚರಿಯ ಹಾಗೆ ಪುಟ ಪುಟವಾಗಿ ತುಂಬುವುದು. ಉಮಾಶ್ರೀಯ ಪುಸ್ತಕ ಅಂಗಡಿಯಲ್ಲಿ ಯಾರೋ ಬೈಂಡು ಮಾಡಿಸಿ ಒಯ್ಯದೇ ಬಿಟ್ಟಿದ್ದ ಪ್ರಾಜೆಕ್ಟ್ ರಿಪೋರ್ಟು.

ಆ ದಿನ ಕವನಾ ಬಣ್ಣದ ಹೆಸರು ಬರೆದ ಚೀಟಿಗಳನ್ನು ಡಬ್ಬಿಗೆ ಹಾಕಿ ಕುಲುಕಿದಳು. ಈ ವಾರ ಕಾಡಿದ ಸಂಗತಿಯನ್ನು ಕೈಗೆ ಬಂದ ಬಣ್ಣದಲ್ಲಿ ತರಬೇಕು. ಮುಂದಿನ ಭಾನುವಾರ ಕೆಳಗಿನ ಹಾಲಿನಲ್ಲಿ ಪ್ರದರ್ಶನ. ಉಮಾಶ್ರೀಗೆ ಹಳದಿ ಬಂತು.

“ವಾವ್! ಲಕ್ಕಿ ಕಣೇ ನೀನು,” ಅಂದಳು ಕವನಾ. “ಹಳದಿ ಅಂದ್ರೆ ಖುಷಿ. ಬಿಸಿಲು, ಮಾವಿನಹಣ್ಣು, ಸ್ಮೈಲಿ!”

ಉಮಾಶ್ರೀ ಚೀಲದಿಂದ ಪೇಪರ್ ತೆಗೆದು ಮೇಜಿನ ಮೇಲೆ ಹಾಸಿದಳು. ಕವನಾಳ ಕೈಯಲ್ಲಿದ್ದ ಡಬ್ಬಿ ಕುಲುಕುವುದು ನಿಂತಿತು. ಪೂರ್ತಿ ಓದಿದಳು. ಅವಳ ಕಣ್ಣು ನಿಜಕ್ಕೂ ಒದ್ದೆಯಾಯಿತು. “ಛೆ! ಇಂಥ ಪೇಪರ್‌ಗಳಿಗೇ ಪೀತ ಪತ್ರಿಕೆ ಅನ್ನೋದು. ನೋಡು, ಅದೂ ಹಳದೀನೇ. ಎಷ್ಟ್ ಕರೆಕ್ಟಾಗಿ ಕೂತ್ಕೊಳ್ತು!”

ಕರೆಕ್ಟಾಗಿ ಕೂತುಕೊಳ್ಳುವುದೆಂದರೇನು ಎಂದು ಉಮಾಶ್ರೀ ಬಸ್ಸಿನುದ್ದಕ್ಕೂ ತನ್ನಷ್ಟಕ್ಕೆ ಕೇಳಿಕೊಂಡಳು. ಹಳದಿ ಏನು ಮಾಡಿತ್ತು? ಹುಟ್ಟಿದ ಕೂಸಿನ ಮೈಗೆ ಅದು, ಮದುಮಗಳ ಕೈಗೆ ಅದು, ಗಾಯಕ್ಕೆ ಅದು, ಸಾರಿಗೆ ಅದು. ಸುಳ್ಳು ಅಚ್ಚು ಹಾಕುವವನಿಗೆ ಇಡಲು ಲೋಕದಲ್ಲಿ ಇನ್ನೊಂದು ಬಣ್ಣ ಸಿಗಲಿಲ್ಲವೆ? ಅವ್ವನ ಕೆಲಸ ಕಿತ್ತುಕೊಂಡಂತೆ ಅವಳ ಬಣ್ಣವನ್ನೂ ಕಿತ್ತುಕೊಂಡರಲ್ಲ! ಸುಂಕದಕಟ್ಟೆಯಲ್ಲಿ ಇಳಿಯುವ ಹೊತ್ತಿಗೆ ಅವಳಿಗೆ ಒಂದು ಖಾತ್ರಿಯಾಗಿತ್ತು: ಪುಟ ಮಾಡುವುದು ಹೌದು, ಪೇಂಟಿನ ಹಳದಿಯಲ್ಲಿ ಮಾಡುವುದಿಲ್ಲ.

ಮನೆಗೆ ಬಂದವಳೇ ದೇವರ ಗೂಡಿನಲ್ಲಿದ್ದ ಭಂಡಾರದ ಸಂಚಿಗೆ ಕೈ ಹಾಕಿದಳು. ಗೋಧಿ ಕೇರುತ್ತಿದ್ದ ಶಂಕ್ರವ್ವ ಮೊರ ಕೆಳಗಿಟ್ಟಳು.

“ಅದನ್ನ ಮುಟ್ಟಬ್ಯಾಡ. ಅದು ಎಲ್ಲವ್ವಂದು. ಒಲಿ ಕಡೆ ಡಬ್ಬ್ಯಾಗ ಅಡಗಿ ಅರಿಶಿನ ಐತಿ ನೋಡು, ಅದನ್ನ ತಗೋ.”

“ಎರಡೂ ಅರಿಶಿನಾನ ಅಲ್ಲೇನವಾ?”

“ಅಲ್ಲ,” ಅಂದಳು ಶಂಕ್ರವ್ವ. “ಅಡಗೀದು ನಮ್ಮ ಹೊಟ್ಟಿಗೆ. ನಿನ್ನ ಸಿಟ್ಟಿಗೂ ಅದ ಸಾಕು.”

ಉಮಾಶ್ರೀ ಅಡುಗೆ ಅರಿಶಿನವನ್ನು ನೀರಲ್ಲಿ ಕಲಸಿ, ಒಂದಿಷ್ಟು ಫೆವಿಕಾಲ್ ಬೆರೆಸಿದಳು. ಪೇಪರಿನಲ್ಲಿದ್ದ ಅವ್ವನ ಮುಖಕ್ಕೆ ಕತ್ತರಿ ತಾಗಿಸಲು ಕೈ ಬರಲಿಲ್ಲ. ಸುತ್ತಲಿನ ಬೆಂಕಿಯನ್ನು ಕತ್ತರಿಸಿ ಎಸೆದು, ಮುಖವನ್ನು ಮಡಿಸಿ ಎತ್ತಿಟ್ಟಳು. ‘ಹಸುಗೂಸಿನ ಮೇಲೆ ಹಳದಿ ಮಾಟ!’ ಎಂಬುದನ್ನು ಒಂದೊಂದು ಅಕ್ಷರ ಬಿಡಿಸಿ, ಪುಟದ ತುಂಬ ತಲೆಕೆಳಗಾಗಿ ಅಂಟಿಸಿದಳು. ಒಂಬತ್ತು ಪಾಯಿಂಟಿನ ‘ಆರೋಪ’ವನ್ನು ಮಾತ್ರ ಬೇರೆಯಾಗಿ ಕತ್ತರಿಸಿ, ಅದರ ಸುತ್ತ ಅಂಗೈ ಅಗಲ ಜಾಗ ಖಾಲಿ ಬಿಟ್ಟಳು, ಓದುವವರು ಮೂಗು ತಾಗಿಸಿ ಹುಡುಕಲಿ ಎಂದು. ನಡುವೆ ಗುಡ್ಡದ ಫೋಟೋವನ್ನು ಅಂಗಡಿಯಲ್ಲಿ ಹೊಸದಾಗಿ ಪ್ರಿಂಟು ಹಾಕಿ ತಂದು ಅಂಟಿಸಿದಳು, ಕಪ್ಪು ಏರಿಸದಿದ್ದದ್ದು. ಆಮೇಲೆ ಎಲ್ಲದರ ಮೇಲೆ ಬಟ್ಟೆಯುಂಡೆಯಿಂದ ಅರಿಶಿನ ಬಳಿದಳು. ಪೇಪರ್ ಅದನ್ನು ಗಟಗಟ ಕುಡಿಯಿತು. ಎರಡು ಸಲ ಬಳಿದು, ಒಣಗಿಸಿ, ಮೂರನೆಯ ಸಲ ಬಳಿದಳು. ಅವ್ವನ ಮುಖದ ಮೇಲೆ ಮಾತ್ರ ಬಳಿಯಲಿಲ್ಲ. ಅಲ್ಲಿ ಆಗಲೇ ಇತ್ತು.

ಬರೆಯುವುದಕ್ಕೆ ಏನು? ಪೆನ್ನಿನ ಶಾಯಿ ಹಳದಿಯ ಮೇಲೆ ಬಡಕಲಾಗಿ ಕಾಣುತ್ತಿತ್ತು. ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದ ಮುನಿತಾಯಮ್ಮ ಕುತ್ತಿಗೆ ಚಾಚಿ, “ಏನೇ ಅದು ಹುಡ್ಗಿ, ಕ್ವಾಣೆ ಗ್ವಾಡೆಗೆಲ್ಲ ಅರಿಶಿನ ಮೆತ್ತೀಯ?” ಅಂದಳು. ಉಮಾಶ್ರೀ ಅವಳ ಬೆರಳ ತುದಿಯನ್ನೇ ನೋಡಿದಳು.

“ಅಜ್ಜಿ, ಸುಣ್ಣ ಸ್ವಲ್ಪ ಕೊಡ್ತೀರಾ?”

“ಎಲೆ ಹಾಕ್ತೀಯೇನೇ ನೀನೂವೆ?”

“ಬರೆಯಕ್ಕೆ.”

ಮುದುಕಿ ಡಬ್ಬಿಯನ್ನೇ ಕೊಟ್ಟಳು. ಉಮಾಶ್ರೀ ಕಡ್ಡಿಯೊಂದಕ್ಕೆ ಹತ್ತಿ ಸುತ್ತಿ, ಸುಣ್ಣದ ತಿಳಿಯಲ್ಲಿ ಅದ್ದಿ, ಹಳದಿಯ ಮೇಲೆ ಮೊದಲ ಗೆರೆ ಎಳೆದಳು. ಗೆರೆ ಎಳೆದಂತೆ ಕೆಂಪೇರಿತು. ಆರತಿ ತಟ್ಟೆಯಲ್ಲಿ ಅರಿಶಿನ, ಸುಣ್ಣ ಕದಡಿದ ನೀರಿನ ಕೆಂಪು. ಸ್ಕೇಲು ಇಟ್ಟು ಅಳೆದಳು: ಒಂದು ಇಂಚು, ಎಪ್ಪತ್ತೆರಡು ಪಾಯಿಂಟು. ಅದೇ ಎತ್ತರ, ಅದೇ ದಪ್ಪ. ‘ಕೂಸಿಗೆ ಬಂದದ್ದು ಡೆಂಗ್ಯೂ’ ಎಂದು ಬರೆದಳು. ಕೊನೆಗೆ ಕೆಳಗಿನ ಬಲಮೂಲೆಯಲ್ಲಿ, ಒಂಬತ್ತು ಪಾಯಿಂಟಿನಲ್ಲಿ, ಸೂಜಿಯ ಮೊನೆಯಿಂದ ಬರೆದಳು: ‘ಈ ಫೋಟೋ ಕಳಿಸಿದವಳು ನಾನು.’

ಶಂಕ್ರವ್ವನಿಗೆ ಓದು ಬರುತ್ತಿರಲಿಲ್ಲ. ಪುಟವನ್ನು ಬಹಳ ಹೊತ್ತು ನೋಡಿದಳು. “ದೊಡ್ಡದು ಏನಂತ?”

“ಕೂಸಿಗೆ ಬಂದದ್ದು ಡೆಂಗ್ಯೂ ಅಂತ.”

“ಮೂಲ್ಯಾಗ ಸಣ್ಣದು?”

“ನನ್ನ ಹೆಸರು.”

ಪ್ರದರ್ಶನದ ಬೆಳಿಗ್ಗೆ ಹಾಲಿಗೆ ಬಂದವರು ನೀಲಿ, ಹಸಿರು ಪುಟಗಳನ್ನು ದಾಟಿ ಹಳದಿಯ ಮುಂದೆ ನಿಂತುಬಿಡುತ್ತಿದ್ದರು. ಒಬ್ಬ ಹೆಂಗಸು ಓದಿ, “ಅಯ್ಯೋ, ನಮ್ಮ ಗ್ರೂಪಲ್ಲೂ ಬಂದಿತ್ತಲ್ರೀ ಇದು, ನಾನೂ ಫಾರ್ವರ್ಡ್ ಮಾಡಿದ್ದೆ,” ಎಂದು ಗೆಳತಿಗೆ ಹೇಳಿ, ಪುಟದ ಮುಂದೆ ಒಂದು ಸೆಲ್ಫಿ ತೆಗೆದುಕೊಂಡು ಹೋದಳು. ಕವನಾ ಪುಟದ ಫೋಟೋ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕಿದಳು. ಗಂಟೆ ಕಳೆಯುವುದರೊಳಗೆ ಕೆಳಗೆ ಸಾಲು ಸಾಲು ಬರಹ. ಗುರು, ರಕ್ತನಾ ಇದು? ಪಕ್ಕಾ ರಕ್ತ ಮಗಾ. ಮೈ ಜುಂ ಅಂತು. ಕೂಸಿಗೆ ಏನು ಬಂದಿತ್ತು ಎಂಬುದನ್ನು ಒಬ್ಬನೂ ಕೇಳಿರಲಿಲ್ಲ.

ಹನ್ನೆರಡಕ್ಕೆ ಕವನಾ ಓಡಿಬಂದು ಉಮಾಶ್ರೀಯ ತೋಳು ಹಿಡಿದುಕೊಂಡಳು. “ಉಮಾ, ಗೆಸ್ ಮಾಡು, ಯಾರು ಫೋನ್ ಮಾಡಿದ್ರು ಅಂತ! ಅವ್ನೇ, ಗಿರಿರಾಜ್! ನನ್ ಪೋಸ್ಟ್ ನೋಡಿದ್ನಂತೆ. ತಪ್ಪಾಯ್ತು ಅಂತ ಹಾಕ್ತಾರಂತೆ. ಫ್ರಂಟ್ ಪೇಜು! ಸಂಜೆ ನಿಮ್ಮನೆಗೇ ಬರ್ತಾರಂತೆ.”

ಗೇಟಿಗೆ ಅಂಟಿದ ಪೇಪರ್, ಮೇಲಿನ ಮನೆಯವರ ಮುಖ, ಅವ್ವ ಮತ್ತೆ ಬೆಳಿಗ್ಗೆ ಆರರ ಬಸ್ಸು ಹಿಡಿಯುವುದು, ಎಲ್ಲ ಒಟ್ಟಿಗೆ ಉಮಾಶ್ರೀಯ ಕಣ್ಣಿಗೆ ಕಟ್ಟಿತು.

ನಾಲ್ಕು ಗಂಟೆಗೆ ಗಿರಿರಾಜ್ ಬಂದ. ಅವನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕವನಾ, ಮಡಿಲಲ್ಲಿ ಪುಟವನ್ನು ಬಟ್ಟೆಯಲ್ಲಿ ಸುತ್ತಿ ಕೂಸಿನಂತೆ ಹಿಡಿದು ತಂದಿದ್ದಳು. ಮುನಿತಾಯಮ್ಮ ಕರೆಯದೆಯೇ ಬಂದು ಬಾಗಿಲಿಗೆ ಒರಗಿ ನಿಂತಳು.

“ಅಮ್ಮ, ಸಾರಿ ಕೇಳಕ್ಕೇ ಬಂದಿರೋದು ನಾವು,” ಎಂದು ಗಿರಿರಾಜ್ ಶಂಕ್ರವ್ವನಿಗೆ ಕೈಮುಗಿದ. ಶಂಕ್ರವ್ವನೂ ಮುಗಿದಳು. ಅವನು ಕೋಣೆಯನ್ನು ಒಂದು ಸುತ್ತು ನೋಡಿ, ಕಿಟಕಿಯ ಬೆಳಕನ್ನು ಅಂದಾಜು ಮಾಡಿ, ಗೋಡೆಗೆ ಮುಖ ಮಾಡಿದ್ದ ಫೋಟೋವನ್ನು ಮೊಳೆಯಿಂದ ತೆಗೆದು ತಿರುವಿದ.

“ಓ! ಒರಿಜಿನಲ್ ಇಲ್ಲೇ ಇದೆ. ಮೇಡಂ, ನೀವು ಅವತ್ತು ಕಳ್ಸಿದ್ದು ಇದೇ ಅಲ್ವಾ? ನಮ್ಮ ಎಡಿಟರು ಸಖತ್ ಖುಷಿಯಾಗಿದ್ರು. ಇಂಥ ಫೋಟೋ ಎಲ್ಲಿ ಸಿಕ್ತಯ್ಯಾ ಅಂತ.”

ಉಮಾಶ್ರೀ ಅವ್ವನ ಮುಖ ನೋಡಲಾರದೆ ನೆಲ ನೋಡಿದಳು. ಬೆಳಗಿನಿಂದ ಊರಿಗೆಲ್ಲ ಓದಲು ತೂಗುಹಾಕಿದ್ದ ಮಾತು, ಅವ್ವನೊಬ್ಬಳಿಗೆ ಇವನ ಬಾಯಿಂದ ತಲುಪಿತ್ತು.

ಶಂಕ್ರವ್ವ ಎದ್ದಳು. ಗಿರಿರಾಜನ ಕೈಯಿಂದ ಫೋಟೋ ತೆಗೆದುಕೊಂಡು, ಸೆರಗಿನಿಂದ ಗಾಜು ಒರೆಸಿ, ಮುಖ ಮುಂದಾಗಿ ಮೊಳೆಗೆ ಹಾಕಿದಳು. “ಚಲೋ ಫೋಟೋ ಅಂತ ಕಳಿಸ್ಯಾಳ,” ಅಂದಳು. “ಚಲೋನ ಐತಿ.”

ಅಷ್ಟೇ ಅಂದು ಬಂದು ಕೂತಳು. ಉಮಾಶ್ರೀಗೆ ಬಿಕ್ಕಿ ಅಳಬೇಕೆನಿಸಿತು. ಇವನ ಮುಂದೆ ಅಳಬಾರದೆಂದು ಹಲ್ಲು ಕಚ್ಚಿದಳು.

“ಸೂಪರ್,” ಅಂದ ಗಿರಿರಾಜ್, ಮೊಬೈಲು ತೆಗೆಯುತ್ತ. “ಈಗ ಕೇಳಿ. ಅಮ್ಮ ಆ ಫೋಟೋದಲ್ಲಿ ಇರೋ ಥರಾನೇ ಮುಖಕ್ಕೆ ಪುಡಿ ಹಚ್ಕೋಬೇಕು. ಹೊಸ್ತಿಲ ಮೇಲೆ ಕೂತ್ಕೊಳ್ಳಿ. ಮೇಡಂ, ನೀವು ಪಕ್ಕದಲ್ಲಿ ಪುಟ ಹಿಡ್ಕೊಂಡು ಅಳ್ತಾ ಇರ್ಬೇಕು. ಹೆಡ್ಡಿಂಗು ರೆಡಿ ಇದೆ: ‘ತಾಯಿಗಾಗಿ ರಕ್ತದಲ್ಲಿ ಬರೆದ ಮಗಳು!’”

“ಅದು ರ‍ಕ್ತ ಅಲ್ಲ. ಸುಣ್ಣ.”

“ನಂಗೊತ್ತಿಲ್ವಾ ಮೇಡಂ? ನಮ್ಮನೇಲೂ ಆರತಿ ಎತ್ತುತ್ತಾರೆ. ನೀವು ರಕ್ತ ಅಂತ ಹೇಳ್ಬೇಡಿ. ಸುಣ್ಣ ಅಂತಾನೂ ಹೇಳ್ಬೇಡಿ. ಸುಮ್ನೆ ಇರಿ ಸಾಕು. ಕೊನೇಲಿ ಒಂದ್ ಪ್ರಶ್ನಾರ್ಥಕ ಚಿಹ್ನೆ ಹಾಕ್ತೀನಿ.”

“ಡೆಂಗ್ಯೂ?”

“ಅದೂ ಇರುತ್ತೆ. ಒಳಗೆ, ಮೂರನೇ ಪ್ಯಾರಾದಲ್ಲಿ.”

“ಇವತ್ತೂ ಸುಳ್ಳೇ ಹಾಕ್ತೀರಾ?” ಅಂದಳು ಉಮಾಶ್ರೀ. “ಮೊದಲನೇ ಸುಳ್ಳು ತೊಳೆಯಕ್ಕೆ ಎರಡನೇ ಸುಳ್ಳಾ?”

“ಎರಡನೇದು ನಿಮ್ ಪರವಾಗಿದೆಯಲ್ಲ ಮೇಡಂ!” ಗಿರಿರಾಜನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. “ಈ ಆ್ಯಂಗಲ್ ಇಲ್ಲಾಂದ್ರೆ ಎಡಿಟರು ಒಂದ್ ಲೈನೂ ಬಿಡಲ್ಲ. ಸುಣ್ಣದಲ್ಲಿ ಬರೆದ್ಲು ಅಂದ್ರೆ ಯಾರು ಓದ್ತಾರೆ ಹೇಳಿ? ಯೋಚ್ನೆ ಮಾಡಿ. ಇವತ್ತಾದ್ರೆ ಇವತ್ತು, ನಾಳೆ ನಂಗೆ ಬೇರೆ ಸ್ಟೋರಿ ಇದೆ.”

ಕವನಾ ಮೆಲ್ಲಗೆ ಹತ್ತಿರ ಸರಿದಳು. “ಉಮಾ, ಒಂದೇ ಒಂದು ಫೋಟೋ ಕಣೇ. ಮನೆ ಉಳಿಯುತ್ತೆ, ಅಮ್ಮಂಗೆ ಕೆಲಸ ಸಿಗುತ್ತೆ.”

ಬಾಗಿಲಲ್ಲಿ ಮುನಿತಾಯಮ್ಮ ಸುಣ್ಣದ ಡಬ್ಬಿಯ ಮುಚ್ಚಳವನ್ನು ತೆಗೆದು ಮುಚ್ಚಿ, ತೆಗೆದು ಮುಚ್ಚಿ ಮಾಡುತ್ತಿದ್ದಳು. ಗೌರಿ ಹಬ್ಬಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಅದು ಉಮಾಶ್ರೀಗೂ ಗೊತ್ತಿತ್ತು, ಮುದುಕಿಗೂ ಗೊತ್ತಿತ್ತು.

ಶಂಕ್ರವ್ವ ಮಗಳ ಕಡೆ ತಿರುಗಿದಳು. ಗಿರಿರಾಜನ ಮಾತಿನ ಓಟ ಅವಳಿಗೆ ಅರ್ಧ ದಕ್ಕಿತ್ತು, ಅರ್ಧ ದಕ್ಕಿರಲಿಲ್ಲ. “ಏನಂತಾನ ಅಂವ?”

“ನೀ ಭಂಡಾರ ಹಚ್ಕೊಂಡು ಕುಂಡ್ರಬೇಕಂತ. ನಾ ರಕ್ತದಾಗ ಬರದೀನಿ ಅಂತ ಹಾಕ್ತಾನಂತ.”

“ಕೂಸಿಗೆ ಡೆಂಗ್ಯೂ ಬಂದಿತ್ತು ಅನ್ನೂದು ಬರೀತಾನೇನು?”

“ಬರೀತಾನ. ಒಳಗ, ಸಣ್ಣಕ್ಷರದಾಗ.”

ಶಂಕ್ರವ್ವ ಬಾಗಿಲಲ್ಲಿದ್ದ ಮುನಿತಾಯಮ್ಮನನ್ನು ನೋಡಿದಳು. ಮಗಳ ಅರಿಶಿನ ಹತ್ತಿದ ಉಗುರುಗಳನ್ನು ನೋಡಿದಳು. “ಮನಿ ಉಳಿತೈತಂದ್ರ ಹಚ್ಕೋತೀನಿ ತಗೋ,” ಅಂದಳು. “ನನ್ನ ಮಾರಿ ಏನು ಸವೀತೈತೇನು?”

ಗೂಡಿನಿಂದ ಸಂಚಿ ತೆಗೆದು ಹೊಸ್ತಿಲ ಮೇಲೆ ಬಂದು ಕೂತಳು. ಮುನಿತಾಯಮ್ಮ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಗಿರಿರಾಜ್ ಮೊಬೈಲನ್ನು ಅಡ್ಡ ಹಿಡಿದು ಎರಡು ಹೆಜ್ಜೆ ಹಿಂದೆ ಹೋದ. ಶಂಕ್ರವ್ವನ ಬೆರಳುಗಳು ಸಂಚಿಯ ದಾರ ಸಡಿಲಿಸುತ್ತಿದ್ದವು. ಅಡುಗೆಯ ಅರಿಶಿನಕ್ಕೂ ಇದಕ್ಕೂ ವ್ಯತ್ಯಾಸವಿದೆ ಅಂದಿದ್ದ ಹೆಂಗಸು, ಮಗಳ ಸಿಟ್ಟಿಗೂ ಒಂದು ಚಿಟಿಕೆ ಕೊಡದಿದ್ದವಳು, ಈಗ ಮಗಳಿಗಾಗಿ ಅದನ್ನು ಈ ಗಂಡಸಿನ ಮೊಬೈಲಿಗೆ ಸುರಿಯಲು ಹೊರಟಿದ್ದಳು. ಹಳದಿ ಪುಡಿಯ ಸಣ್ಣ ಧೂಳು ಬಿಸಿಲಲ್ಲಿ ಎದ್ದಿತು.

ಉಮಾಶ್ರೀ ಎರಡೇ ಹೆಜ್ಜೆಗೆ ಹೊಸ್ತಿಲ ಮುಂದೆ ಕೂತು, ಸಂಚಿಯ ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿದಳು. ಅವ್ವನ ಬೆರಳುಗಳು ಅವಳ ಅಂಗೈಯೊಳಗೇ ಸಿಕ್ಕಿಕೊಂಡವು.

“ಮೇಡಂ, ಕೈ ಫ್ರೇಮಿಗೆ ಬರ್ತಿದೆ,” ಅಂದ ಗಿರಿರಾಜ್.

ಅವಳು ಇನ್ನೊಂದು ಕೈಯನ್ನೂ ಸಂಚಿಯ ಮೇಲಿಟ್ಟಳು.

“ಮೇಡಂ, ಕೈ ತೆಗೀರಿ.”

“ಉಮಾ, ಪ್ಲೀಸ್,” ಅಂದಳು ಕವನಾ.

“ತೆಗೀರಿ ಅಂದೆ.” ಗಿರಿರಾಜನ ದನಿ ಗಡುಸಾಯಿತು.

“ತೆಗೆಯಲ್ಲ,” ಅಂದಳು ಉಮಾಶ್ರೀ.